ಮಷೀನು ಒಪ್ಪಿಕೊಂಡ ಭಂಡಾರ

ಲ್ಯಾಪ್‌ಟಾಪಿನ ಅಂಚು ಎತ್ತಿ ಅಡಿಯಲ್ಲಿ ಅಂಗೈ ಇಟ್ಟ ಸಂದೀಪ ಥಟ್ಟನೆ ಕೈ ತೆಗೆದ. ಚೆಂಬೂರು ಸ್ಟೇಷನ್ನಿನ ಎದುರಿನ ಓಣಿಯಲ್ಲಿ ಅವನದು ಆರಡಿ ಅಗಲದ ರಿಪೇರಿ ಅಂಗಡಿ. ಗಿರಾಕಿಗಳಿಗೆ ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಅನುರಾಧಾ ಕೂತಿದ್ದಳು. ಅವಳ ಹಿಂದೆ ಅತ್ತೆ ಲಕ್ಷ್ಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಮಷೀನು ಚಾಲೂ ಆಗಿ ಮೂವತ್ತೈದು ನಿಮಿಷವಾಗಿತ್ತು. ಒಳಗಿನ ಫ್ಯಾನು ಮರಳು ಅರೆಯುವಂತೆ ಸದ್ದು ಮಾಡುತ್ತಿತ್ತು. ಮೂವರೂ ನೋಡುತ್ತಿದ್ದಂತೆಯೇ ಪರದೆ ಕಪ್ಪಾಯಿತು.

"ಹಿಂಗ ಆಗತದ" ಎಂದಳು ಅನುರಾಧಾ.

ಸಂದೀಪ ಹುಟ್ಟಿದ್ದು ಮುಂಬಯಿಯಲ್ಲೇ. ಅವನ ಅಪ್ಪನ ಊರು ಉಡುಪಿಯ ಕಡೆ. ಕನ್ನಡ ಬರುತ್ತಿತ್ತು, ಆದರೆ ಮಾತಿನ ನಡುವೆ ಶಬ್ದ ಹುಡುಕಬೇಕಾಗುತ್ತಿತ್ತು. ಐದು ವರ್ಷ ಹಳೆಯ ಮಾಡೆಲ್ಲು, ಬಹುಶಃ ಬೋರ್ಡೇ ಹೋಗಿದೆ ಎಂದ. ಬಿಚ್ಚಿ ನೋಡೋಣವೆಂದರೆ ಅಡಿಯ ಒಂದು ಸ್ಕ್ರೂವಿನ ತಲೆ ಸವೆದು ನುಣ್ಣಗಾಗಿತ್ತು. ಅದನ್ನು ಡ್ರಿಲ್ ಹಾಕಿಯೇ ತೆಗೆಯಬೇಕು. ಕೈ ಜಾರಿದರೆ ಈಗ ನಡೆಯುವ ಅರ್ಧ ತಾಸೂ ನಡೆಯಲಿಕ್ಕಿಲ್ಲ.

"ಶನಿವಾರ ಇದರ ಮ್ಯಾಲ ಪರೀಕ್ಷಾ ಐತಿ" ಎಂದಳು ಅನುರಾಧಾ. "ಎರಡು ತಾಸು."

"ನಿಮ್ಮ ಜಾಗದಲ್ಲಿ ನಾನಿದ್ರೆ ಇದ್ರಲ್ಲಿ ಬರೆಯುದಿಲ್ಲ ಅಕ್ಕ. ಇದಕ್ಕೆ ಖರ್ಚು ಮಾಡುದು ಬೇಡ, ಹೊಸದು ತಗೊಳ್ಳಿ."

ಅನುರಾಧಾ ತಲೆಯಾಡಿಸಿ ಮಷೀನನ್ನು ಚೀಲಕ್ಕೆ ಹಾಕಿಕೊಂಡಳು. ಅವಳು ಈಗೀಗ ಯಾವ ಮಾತಿಗೂ ಎದುರಾಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಡೆಂಗ್ಯೂ ಬಂದು ಆರೇ ದಿನಕ್ಕೆ ಗಂಡ ಶರಣ ತೀರಿಕೊಂಡ ಮೇಲೆ, ಹೇಳಿದ್ದಕ್ಕೆ ಹೂಂ ಅನ್ನುವುದು, ಕೊಟ್ಟ ಕೆಲಸ ಮುಗಿಸುವುದು ಇಷ್ಟೇ ಅವಳಲ್ಲಿ ಉಳಿದಿತ್ತು. ಧಾರವಾಡದಲ್ಲಿ ಎಂ.ಎ. ಮಾಡಿದ ಹುಡುಗಿ, ವಿಕ್ರೋಳಿಯ ಚಾಳಿನ ಒಂದು ಖೋಲಿಯಲ್ಲಿ ಕೂತು ದಿನಕ್ಕೆ ಎಂಟು ತಾಸು ಯಾರು ಯಾರದೋ ಕಾಗದಪತ್ರ ಟೈಪು ಮಾಡುತ್ತಿದ್ದಳು. ಈಗ ಒಂದು ವಿಮಾ ಕಂಪನಿಯಲ್ಲಿ ಕಾಯಂ ನೌಕರಿಗೆ ಕರೆ ಬಂದಿತ್ತು. ಪರೀಕ್ಷೆಯನ್ನು ಮನೆಯಲ್ಲೇ ಕೂತು, ಕ್ಯಾಮೆರಾದ ಮುಂದೆ ಬರೆಯಬೇಕು. ನಡುವೆ ಐದು ನಿಮಿಷ ಮಷೀನು ನಿಂತರೂ ಪರೀಕ್ಷೆ ರದ್ದು. ಇನ್ನೊಂದು ಅವಕಾಶ ಇಲ್ಲ.

ಲಕ್ಷ್ಮವ್ವ ಅಂಗಡಿಯಲ್ಲಿ ಒಂದು ಮಾತೂ ಆಡಲಿಲ್ಲ. ಮಷೀನಿನ ಒಳಗೆ ಏನಿದೆ ಎಂದು ಸಂದೀಪನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಹೋದ ಖಂಡೆ ನವಮಿಯ ದಿನ ಅವಳು ಮನೆಯ ಕುಡಗೋಲು, ಈಳಿಗೆ, ಕುಕ್ಕರು, ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದ್ದಳು. ಮನೆಯ ಅನ್ನ ದುಡಿಯುವುದು ಲ್ಯಾಪ್‌ಟಾಪು, ಅದನ್ನು ಬಿಡುವುದುಂಟೇ? ಸೊಸೆ ಅದನ್ನು ಬೋರಲು ಹಾಕಿದ ಎರಡು ಬಟ್ಟಲುಗಳ ಮೇಲೆ ಇಟ್ಟು ಕೆಲಸ ಮಾಡುತ್ತಿದ್ದಳು. ಅನುರಾಧಾ ಅದನ್ನು ಚಾಲೂ ಇಟ್ಟೇ ಜಳಕಕ್ಕೆ ಹೋದಾಗ ಲಕ್ಷ್ಮವ್ವ ಮೇಲೆ ಕುಂಕುಮ ಇಟ್ಟಳು. ಆಮೇಲೆ ಯಲ್ಲಮ್ಮನ ಭಂಡಾರ, ಗುಡ್ಡದಿಂದ ತಂದ ಅರಿಸಿನದ ಪುಡಿ, ಒಂದು ಚಿಟಿಕೆ ಅಂಗೈಯಲ್ಲಿ ಹಿಡಿದು, ಮೇಲೆ ಹಾಕಿದರೆ ಅಕ್ಷರದ ಗುಂಡಿಗಳಿಗೆ ಮೆತ್ತೀತೆಂದು, ಅಡಿಯ ಸಂದುಗಳ ಹತ್ತಿರ ಒಯ್ದಳು. ಭಂಡಾರ ಅಂಗೈಯಿಂದ ಎದ್ದು ತಾನಾಗಿ ಒಳಗೆ ಹೋಯಿತು. ಅವಳು ಊದಿರಲಿಲ್ಲ, ಉದುರಿಸಿರಲಿಲ್ಲ. ಮಷೀನು ಎಳೆದುಕೊಂಡಿತ್ತು.

ಲಕ್ಷ್ಮವ್ವನಿಗೆ ಮೈ ಜುಮ್ಮೆಂದಿತು. ಐವತ್ತೆಂಟು ವರ್ಷದಲ್ಲಿ ಎಷ್ಟೋ ದೇವರಿಗೆ ಎಷ್ಟೋ ಏರಿಸಿದ್ದಳು. ಕೊಟ್ಟದ್ದನ್ನು ಹೀಗೆ ಕಣ್ಣೆದುರೇ ಯಾವ ದೇವರೂ ತೆಗೆದುಕೊಂಡಿರಲಿಲ್ಲ. ಮಗನಿಗೆ ಕಾಯಿಲೆಯಾದಾಗ ಹೊತ್ತ ಹರಕೆಗಳು ಕೂಡ ಹಾಗೆಯೇ ಉಳಿದಿದ್ದವು. ಅಂದಿನಿಂದ ಪ್ರತಿ ಮಂಗಳವಾರ, ಸೊಸೆ ಜಳಕಕ್ಕೆ ಹೋದ ಹತ್ತು ನಿಮಿಷದಲ್ಲಿ, ಒಂದು ಚಿಟಿಕೆ. ಯುಗಾದಿಯ ಹೊತ್ತಿಗೆ ಮಷೀನು ಬಿಸಿಯಾಗತೊಡಗಿತು. ಆಗ ಶುಕ್ರವಾರವೂ ಒಂದು ಚಿಟಿಕೆ. ಮೈ ಕಾದರೆ ಒದ್ದೆ ಬಟ್ಟೆ ಹಾಕುವುದು ಎಲ್ಲರಿಗೂ ಗೊತ್ತಿದ್ದದ್ದೇ. ರಾತ್ರಿ ಮುಚ್ಚಿಟ್ಟ ಮಷೀನಿನ ಅಡಿ ಬಟ್ಟೆ ತೋಯಿಸಿ, ಹಿಂಡಿ, ಹಾಸಿದಳು. ಬೆಳಗಾಗುವ ಮುಂಚೆ ತೆಗೆದಿಟ್ಟಳು.

ಅದು ತಪ್ಪಿರಬಹುದು ಎಂದು ಅವಳಿಗೆ ಮೊದಲ ಸಲ ಹೊಳೆದದ್ದು ಇವತ್ತು, ಸಂದೀಪ ಆ ಸದ್ದಿಗೆ ಕಿವಿಗೊಟ್ಟು ಮುಖ ಕಿವುಚಿದಾಗ.

ಮನೆಗೆ ಬಂದರೆ ಗುರುಪಾದ ಕಾಯುತ್ತಿದ್ದ. ಅನುರಾಧಾಳ ಅಣ್ಣ, ಧಾರವಾಡದಲ್ಲಿ ಫ್ಯಾನು, ಮಿಕ್ಸರು ಮಾರುವ ಅಂಗಡಿಯವನು. ಸಾಮಾನು ಖರೀದಿಗೆ ಎರಡು ದಿನದ ಮಟ್ಟಿಗೆ ಬಂದಿದ್ದ. ಅಂಗಡಿಗೆಂದು ಹೋದ ತಿಂಗಳಷ್ಟೇ ಹೊಸ ಲ್ಯಾಪ್‌ಟಾಪು ತೆಗೆದುಕೊಂಡಿದ್ದ. ತಂಗಿ ನಾಳೆ ತನ್ನ ಜೊತೆ ಬರಲಿ, ಶನಿವಾರ ಅದರ ಮೇಲೆ ಪರೀಕ್ಷೆ ಬರೆಯಲಿ ಎಂದು ಅವನ ಮಾತು. ಮನೆಯಲ್ಲಿ ಇನ್ವರ್ಟರ್ ಇದೆ, ಮಹಡಿಯ ಮೇಲೆ ಸದ್ದಿಲ್ಲದ ಖೋಲಿ ಇದೆ. ಇಲ್ಲಿ ಗೋಡೆಯಾಚೆ ಕೆಮ್ಮಿದರೂ ಕೇಳುತ್ತದೆ.

ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ರಾತ್ರಿ ಊಟವಾದ ಮೇಲೆ ಗುರುಪಾದ ಗ್ಯಾಲರಿಯಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದ್ದನ್ನು ಪಾತ್ರೆ ತಿಕ್ಕುತ್ತಿದ್ದ ಲಕ್ಷ್ಮವ್ವ ಕೇಳಿದಳು. ಮೊದಲು ಮಾತು ಸಣ್ಣಗೆ ಇತ್ತು.

"ಮಾಡಿ ಖೋಲಿ ಸ್ವಚ್ಛ ಮಾಡಸು. ಕಪಾಟು ಖಾಲಿ ಮಾಡಿ ಇಡು... ಎರಡು ದಿನ ಅಲ್ಲ ಮಾರಾಯ್ತಿ. ಒಮ್ಮೆ ಬಂದಳಂದ್ರ ಹೊಳ್ಳಿ ಯಾಕ ಕಳಸ್ಬೇಕು? ಇಲ್ಲೇನೈತಿ ಆಕಿಗೆ? ಗಂಡನ? ಮಕ್ಕಳ?"

ಲಕ್ಷ್ಮವ್ವ ನಲ್ಲಿ ಬಂದ್ ಮಾಡಿ, ಸದ್ದಾಗದಂತೆ ಪಾತ್ರೆ ಬೋರಲು ಹಾಕಿದಳು. ಅವನು ಕೇಳಿದ್ದು ಸುಳ್ಳಲ್ಲ. ಇಲ್ಲೇನೈತಿ? ಮಗ ಹೋದ ಮೇಲೆ ಈ ಖೋಲಿಯಲ್ಲಿ ಇದ್ದದ್ದು ಎರಡು ಹೆಂಗಸರ ನಡುವಿನ ಎರಡು ಹೊತ್ತಿನ ಊಟ, ಹೆಚ್ಚು ಮಾತಿಲ್ಲದ್ದು. ಬೆಳಗ್ಗೆ ತಾನು ಕಾರ್ಖಾನೆಯ ಕ್ಯಾಂಟೀನಿಗೆ ತರಕಾರಿ ಹೆಚ್ಚಲು ಹೋಗುವಾಗ ಒಳಗಿನಿಂದ ಚಿಲಕ ಹಾಕಲು ಒಬ್ಬಳು, ಬಂದಾಗ ತೆಗೆಯಲು ಒಬ್ಬಳು. ಆ ಚಿಲಕ ತೆಗೆಯುವ ಸದ್ದು ಇಲ್ಲದೆ ಮನೆಗೆ ಬರುವುದು ಹೇಗೆಂದು ಅವಳು ಯೋಚಿಸಲು ಹೋಗಿ, ಅಲ್ಲಿಗೇ ಬಿಟ್ಟಳು.

ಗುರುವಾರ ಬೆಳಿಗ್ಗೆ ಕಂಪನಿಯಿಂದ ಅನುರಾಧಾಳ ಫೋನಿಗೆ ಸಂದೇಶ ಬಂತು. ಯಾವ ಮಷೀನಿನ ಮೇಲೆ ಬರೆಯುತ್ತೀರಿ ಎಂದು ಅದರ ನಂಬರು ಸಮೇತ ಸಂಜೆ ಐದರೊಳಗೆ ತಿಳಿಸಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಗುರುಪಾದ ಅಂಗಡಿಗೆ ಫೋನು ಮಾಡಿ ತನ್ನ ಲ್ಯಾಪ್‌ಟಾಪಿನ ನಂಬರು ಕೇಳಿ ಒಂದು ಚೀಟಿಯಲ್ಲಿ ಬರೆದ. ಚೆಂಬೂರಿನಿಂದ ಸಂಜೆ ಏಳು ಗಂಟೆಗೆ ಹೊರಡುವ ಬಸ್ಸಿಗೆ ಎರಡು ಸೀಟು ಹಿಡಿದಿದ್ದೇನೆ ಎಂದೂ ಹೇಳಿದ.

"ನಾ ಇನ್ನೊಮ್ಮೆ ಆ ಹುಡುಗಗ ತೋರಿಸಿಕೊಂಡು ಬರ್ತೀನಿ" ಎಂದಳು ಲಕ್ಷ್ಮವ್ವ.

ಗುರುಪಾದ ನಕ್ಕ. "ಸತ್ತದ್ದನ್ನ ಎಷ್ಟು ಮಂದಿ ಡಾಕ್ಟರಿಗೆ ತೋರಸ್ತೀರಿ, ಅಮ್ಮಾರ?"

ಅಂದ ಮೇಲೆ ಅವನಿಗೇ ಕಸಿವಿಸಿಯಾಯಿತು. ಆ ಮನೆಯಲ್ಲಿ ಆಡುವ ಮಾತಾಗಿರಲಿಲ್ಲ ಅದು. ಅನುರಾಧಾ ಅವನ ಕಡೆ ನೋಡಲಿಲ್ಲ. ಎದ್ದು ಮಷೀನನ್ನು ಚೀಲಕ್ಕೆ ಹಾಕಿ ಅತ್ತೆಯ ಕೈಗೆ ಕೊಟ್ಟಳು.

"ಐದರೊಳಗ ಬರ್ರಿ" ಎಂದಳು.

ಬಸ್ಸಿನಲ್ಲಿ ಲಕ್ಷ್ಮವ್ವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮೇ ತಿಂಗಳ ಬಿಸಿಲು. ಕಿಟಕಿಯ ಕಂಬಿ ಮುಟ್ಟುವಂತಿರಲಿಲ್ಲ. ಒಳಗೆ ಇರುವುದನ್ನು ಹೇಳದಿದ್ದರೆ ಅವನು ಬಿಚ್ಚುವುದಿಲ್ಲ. ಬಿಚ್ಚದಿದ್ದರೆ ಸೊಸೆ ಹೋಗುತ್ತಾಳೆ. ಹೇಳಿದರೆ, ನೌಕರಿಯ ಬಾಯಿಗೆ ಮಣ್ಣು ಹಾಕಿದವಳು ಅತ್ತೆಯೇ ಎಂದಾಗುತ್ತದೆ, ಆಗಲೂ ಹೋಗುತ್ತಾಳೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಆಗಿತ್ತು ಅವಳ ಸ್ಥಿತಿ. ಸೊಸೆಗೆ ಹೇಳದೆ ಅಂಗಡಿಯವನಿಗಷ್ಟೇ ಹೇಳುವ ದಾರಿ ಚೆಂಬೂರು ಬರುವ ಹೊತ್ತಿಗೆ ಹೊಳೆಯಿತು.

ಸಂದೀಪ ಯಾರದೋ ಮೊಬೈಲು ಬಿಚ್ಚಿಕೊಂಡು ಕೂತಿದ್ದ. ಅವಳು ಚೀಲವನ್ನು ಅವನ ಮೇಜಿನ ಮೇಲೆ ಇಟ್ಟು, ಪಕ್ಕದ ಗಿರಾಕಿ ಹೋಗುವವರೆಗೆ ಕಾದು, ಹೇಳಿದಳು.

"ತಮ್ಮಾ, ಬೋರ್ಡು ಹೋಗಿಲ್ಲ ಇದರದು. ಒಳಗ ಭಂಡಾರ ಐತಿ."

ಅವನಿಗೆ ಭಂಡಾರ ಅರ್ಥವಾಗಲಿಲ್ಲ. ಅರಿಸಿನ ಎಂದಳು, ಹಲ್ದಿ ಎಂದಳು. ಖಂಡೆ ನವಮಿಯಿಂದ ಹಿಡಿದು ನಡೆದದ್ದೆಲ್ಲ ಹೇಳಿದಳು. ಒದ್ದೆ ಬಟ್ಟೆಯದನ್ನು ಮಾತ್ರ ಹೇಳಲಿಲ್ಲ. ಅದು ಹೇಳುವಂಥದ್ದೆಂದು ಅವಳಿಗೆ ಅನ್ನಿಸಲಿಲ್ಲ. ಸಂದೀಪ ಸ್ಕ್ರೂ ಡ್ರೈವರನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ನಗು ಬಂದು, ನುಂಗಿಕೊಂಡ.

"ನಮ್ಮಲ್ಲಿಯೂ ಆಯುಧ ಪೂಜೆ ಮಾಡ್ತಾರೆ ಅಮ್ಮ. ಆದ್ರೆ ಹೊರಗಿನಿಂದ ಮಾಡ್ತಾರೆ."

ಆಮೇಲೆ ಡ್ರಿಲ್ಲು ತೆಗೆದ. ಒಡೆದರೆ ತನ್ನನ್ನು ಕೇಳಬಾರದು ಎಂದ. ಕೇಳುವುದಿಲ್ಲ ಎಂದಳು. ಸವೆದ ಸ್ಕ್ರೂವಿನ ಮೇಲೆ ಸೂಜಿಯಂಥ ಮೊನೆ ಇಟ್ಟು ಒತ್ತಿದಾಗ ಹೊರಟ ಕಿರುಚಲಿಗೆ ಲಕ್ಷ್ಮವ್ವ ಕಣ್ಣು ಮುಚ್ಚಿಕೊಂಡಳು. ಕಬ್ಬಿಣ ಸುಟ್ಟ ವಾಸನೆ ಬಂತು. ಮುಚ್ಚಳದ ಒಂದು ಮೂಲೆ ಚಟ್ಟೆಂದಿತು. ಕಣ್ಣು ಬಿಟ್ಟಾಗ ಸಂದೀಪ ಮುಚ್ಚಳವನ್ನು ಎತ್ತಿ ಪಕ್ಕಕ್ಕೆ ಇಡುತ್ತಿದ್ದ. ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅಷ್ಟೇ.

ಒಳಗೆ ಹಳದಿ. ಫ್ಯಾನಿನ ಎಲೆಗಳ ಮೇಲೆ ಹಳದಿ, ಅದರ ಸುತ್ತ ಹಳದಿ. ಗಾಳಿ ಹೊರಗೆ ಹೋಗುವ ತಾಮ್ರದ ಜಾಲರಿಯ ಮುಂದೆ ಧೂಳು ಅರಿಸಿನ ಕೂಡಿ ಗಟ್ಟಿಯಾಗಿ, ಒಲೆಗೆ ಮೆತ್ತಿದ ಮಣ್ಣಿನ ಹಾಗೆ ಕೂತಿತ್ತು. ಸಂದೀಪ ಬಹಳ ಹೊತ್ತು ನೋಡಿದ. ಫೋನು ತೆಗೆದು ಫೋಟೋ ಹೊಡೆಯಲು ಹೋದವನು ಅವಳ ಮುಖ ಕಂಡು ಫೋನನ್ನು ಕೆಳಗೆ ಇಟ್ಟ.

ತೊಳೆಯಲು, ಕೆರೆಯಲು ಎರಡು ತಾಸು ಹಿಡಿಯಿತು. ಹಲ್ಲುಜ್ಜುವ ಬ್ರಶ್ಶಿನಂಥದ್ದರಿಂದ ಉಜ್ಜಿದ, ಸ್ಪಿರಿಟ್ಟು ಹಾಕಿ ಒರೆಸಿದ, ಗಾಳಿ ಹೊಡೆದ. ಹಳದಿ ಧೂಳು ಎದ್ದು ಅವನ ಅಂಗಿಯ ಮೇಲೆ ಕೂತಿತು. ಕೊನೆಗೆ ಬೋರ್ಡಿನ ಒಂದು ಮೂಲೆಗೆ ದೀಪ ಹಿಡಿದು ಅವಳನ್ನು ಹತ್ತಿರ ಕರೆದ.

"ಇಲ್ಲಿ ನೋಡಿ. ಹಸಿರು ಹಿಡಿದಿದೆ. ನೀರು ಹೋಗಿದೆ ಇದಕ್ಕೆ. ಯಾರು ಹಾಕಿದ್ರು?"

ಆಗ ಅವಳು ಒದ್ದೆ ಬಟ್ಟೆಯನ್ನೂ ಹೇಳಿದಳು. ಈ ಸಲ ಅವನಿಗೆ ನಗು ಬರಲಿಲ್ಲ.

ಮೂರೂವರೆಗೆ ಮಷೀನು ಚಾಲೂ ಆಯಿತು. ಸದ್ದೇ ಇಲ್ಲ. ಲಕ್ಷ್ಮವ್ವ ಅದರ ಪಕ್ಕೆ ಮುಟ್ಟಿ ನೋಡಿದಳು. ನೀರು ತುಂಬಿಟ್ಟ ಕೊಡದಷ್ಟು ತಣ್ಣಗಿತ್ತು. ಅರಿಸಿನ ತೆಗೆದದ್ದಾಯಿತು, ಇನ್ನು ಬಿಸಿಯಾಗುವುದಿಲ್ಲ ಎಂದ ಸಂದೀಪ. ಆದರೆ ಆ ಹಸಿರು ಹಿಡಿದ ಜಾಗ ಅವನ ಕೈಯಲ್ಲಿಲ್ಲ. ಒಂದು ವರ್ಷ ನಡೆಯಬಹುದು, ನಾಳೆಯೇ ನಿಲ್ಲಬಹುದು.

"ಸೊಸಿಗೆ ಬರೇ ಧೂಳಿತ್ತು ಅಂತ ಹೇಳು, ತಮ್ಮಾ. ಈಗ ಚಲೋ ಆಗೇದ ಅಂತ ಫೋನ್ ಮಾಡಿ ಹೇಳು."

ಸಂದೀಪ ಮಷೀನನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿದ.

"ಧೂಳು ಅಂತ ಬೇಕಾದ್ರೆ ಹೇಳ್ತೇನೆ ಅಮ್ಮ. ಗ್ಯಾರಂಟಿ ಅಂತ ಮಾತ್ರ ಹೇಳುದಿಲ್ಲ. ಅದು ನೀವು ಹೇಳಿ, ನಿಮಗೆ ಧೈರ್ಯ ಇದ್ರೆ."

ಫೋನು ಮಾಡಿಸುವುದನ್ನು ಅವಳು ಅಲ್ಲಿಗೇ ಬಿಟ್ಟಳು.

ಅವಳು ಖೋಲಿಯ ಬಾಗಿಲಿಗೆ ಬಂದಾಗ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಗುರುಪಾದನ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. ಅನುರಾಧಾ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಫೋನು, ಫೋನಿನ ಮೇಲೆ ಅಣ್ಣ ಬರೆದುಕೊಟ್ಟ ಚೀಟಿ.

ಲಕ್ಷ್ಮವ್ವ ಮಷೀನನ್ನು ನೆಲಕ್ಕಿಟ್ಟು ಚಾಲೂ ಮಾಡಿಸಿದಳು. ಐದು ನಿಮಿಷ ಮೂವರೂ ಅದನ್ನೇ ನೋಡುತ್ತ ಕೂತರು. ಗುರುಪಾದ ಬಾಗಿ ಅಡಿಗೆ ಕೈ ಹಾಕಿ ನೋಡಿದ. ಅವನು ಯಂತ್ರಗಳ ವ್ಯಾಪಾರ ಮಾಡುವವನು. ಸದ್ದು ಕೇಳಿಯೇ ಗುಣ ಹೇಳಬಲ್ಲ.

"ಅರೆ, ತಣ್ಣಗೈತಲ್ಲ" ಎಂದ. "ಏನ್ ಮಾಡ್ದ ಅಂವ?"

ಬಸ್ಸಿನಲ್ಲಿ ಬರುವಾಗ ಲಕ್ಷ್ಮವ್ವ ಉತ್ತರ ಹೊಂದಿಸಿಕೊಂಡಿದ್ದಳು. ಧೂಳು ತುಂಬಿತ್ತು, ತೆಗೆದ, ಚಲೋ ಆಗೇದ. ಮೂರು ಮಾತು. ಮೂರರಲ್ಲಿ ಒಂದೂ ಪೂರಾ ಸುಳ್ಳಲ್ಲ.

"ಧೂಳು ತುಂಬಿತ್ತು" ಎಂದಳು.

"ಅಷ್ಟಽ? ಮತ್ತ ನಿನ್ನೆ ಬೋರ್ಡು ಹೋಗೇದ ಅಂದ?" ಗುರುಪಾದ ಇನ್ನೊಮ್ಮೆ ಮುಟ್ಟಿ ನೋಡಿದ. ಎರಡು ಸೀಟು ಹಿಡಿದವನು, ಮಹಡಿಯ ಖೋಲಿ ತೊಳೆಸಿದವನು; ಆದರೂ ತಂಗಿಗೆ ಮೋಸ ಮಾಡುವವನಲ್ಲ. "ಇದು ಇಷ್ಟು ಚಂದ ನಡೀತಿದ್ರ ಇಲ್ಲೇ ಬರಿ ತಂಗಿ. ರೂಢಿ ಇದ್ದ ಮಶೀನ. ನಾನೇನ್ ಒತ್ತಾಯ ಮಾಡಂಗಿಲ್ಲ."

ಅನುರಾಧಾ ಚೀಟಿಯನ್ನು ಫೋನಿನ ಮೇಲಿಂದ ತೆಗೆದು ಪಕ್ಕಕ್ಕೆ ಇಟ್ಟಳು. ಮಷೀನಿನ ನಂಬರು ಅದರ ಅಡಿಯಲ್ಲಿ ಇತ್ತು. ಅದನ್ನು ಎತ್ತಿ ಓದಿಕೊಳ್ಳುವುದಷ್ಟೇ ಉಳಿದಿತ್ತು. ಅವಳು ಎರಡೂ ಕೈಯಿಂದ ಮಷೀನು ಎತ್ತಿದಳು. ಬಿರುಕು ಬಿಟ್ಟ ಮೂಲೆಯ ಮೇಲೆ ಬೆರಳು ಆಡಿಸಿದಳು. ಬಳಿಕ ಅತ್ತೆಯ ಮುಖ ನೋಡಿದಳು. ಬಹಳ ದಿನಗಳ ಮೇಲೆ ಅವಳು ಯಾರದೋ ಮುಖವನ್ನು ನೇರವಾಗಿ ನೋಡಿದ್ದು.

"ಇದರ ಮ್ಯಾಲ ಬರೀಲೇನ್ರಿ, ಅತ್ತಿ?"

ಹೂಂ ಅಂದರೆ ಮುಗಿಯಿತು. ಹೂಂ ಅನ್ನಲು ಉಸಿರು ಸಹ ಬೇಕಾಗಿರಲಿಲ್ಲ, ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಕೇಳಿದವಳು ಎರಡು ವರ್ಷದಿಂದ ಯಾರನ್ನೂ ಏನನ್ನೂ ಕೇಳಿರಲಿಲ್ಲ.

"ಬ್ಯಾಡ" ಎಂದಳು. "ಅದರ ಮ್ಯಾಲ ಬರೀಬ್ಯಾಡವ್ವಾ. ಅದನ್ನ ನಾ ಕೆಡಿಸೀನಿ."

ಹೇಳುವಾಗ ಅವಳು ಮಷೀನನ್ನೇ ನೋಡುತ್ತಿದ್ದಳು. ಭಂಡಾರ, ಮಂಗಳವಾರ, ಶುಕ್ರವಾರ, ಒದ್ದೆ ಬಟ್ಟೆ, ಹಸಿರು ಹಿಡಿದ ಜಾಗ, ನಾಳೆಯೂ ನಿಲ್ಲಬಹುದು ಎಂದು ಅವನು ಅಂದದ್ದು. ಗುರುಪಾದ ನಡುವೆಯೇ ಎದ್ದು ನಿಂತ. ಸಿಟ್ಟಿನಿಂದ ಅವನ ದನಿ ಏರಿತು. ದೇವರ ಹೆಸರಿನಲ್ಲಿ ಕೂಸಿನ ಅನ್ನಕ್ಕೆ ಕಲ್ಲು ಹಾಕಿದಿರಿ, ಇದನ್ನು ಒಂದು ಮಾತು ಮೊದಲೇ ಹೇಳಬಾರದಿತ್ತೇ, ಇದಕ್ಕೇ ತಾನು ತಂಗಿಯನ್ನು ಇಲ್ಲಿಂದ ಕರೆದೊಯ್ಯುತ್ತೇನೆಂದದ್ದು, ಹೀಗೆ ಬಹಳ ಅಂದ. ಲಕ್ಷ್ಮವ್ವ ಎಲ್ಲಕ್ಕೂ ತಲೆ ತಗ್ಗಿಸಿ ಕೂತಳು. ಅನುರಾಧಾ ಅವನನ್ನು ತಡೆಯಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೇ ಮಾತು ಕೇಳಿದಳು.

"ಅದು ತಾನ ಎಳಕೊಂಡಿತೇನ್ರಿ? ಭಂಡಾರ?"

"ಹೂಂ. ತಾನ."

ಅನುರಾಧಾ ಚೀಟಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಅಣ್ಣನ ಮಷೀನಿನ ನಂಬರನ್ನು ಒಂದೊಂದೇ ಅಂಕಿ ಒತ್ತಿ ಕಳಿಸಿದಳು. ಐದಕ್ಕೆ ಮೂರು ನಿಮಿಷ ಇತ್ತು.

ಆಮೇಲೆ ಮುಖ ತೊಳೆದು, ಸೀರೆಗಳನ್ನು ಮಡಚಿದಳು. ಲಕ್ಷ್ಮವ್ವನ ಕಣ್ಣು ಅವಳ ಕೈಯನ್ನೇ ಹಿಂಬಾಲಿಸಿತು. ಕಪಾಟಿನ ಮೇಲೆ ಎರಡು ಚೀಲ ಇದ್ದವು. ಅನುರಾಧಾ ಸಣ್ಣದನ್ನು ಇಳಿಸಿ, ಜಿಪ್ಪು ಎಳೆದು ನೋಡಿ, ಅದು ಅರ್ಧಕ್ಕೆ ನಿಂತದ್ದನ್ನು ಕಂಡು, ಅದನ್ನು ಇಟ್ಟು ದೊಡ್ಡದನ್ನು ಇಳಿಸಿದಳು. ಜಿಪ್ಪು ಕೆಟ್ಟದ್ದಕ್ಕೇ ದೊಡ್ಡದೋ, ಇನ್ನೇನಾದರೂ ಇದೆಯೋ, ಕೇಳುವ ಹಕ್ಕು ತನಗೆ ಉಳಿದಿಲ್ಲ ಎಂದು ಲಕ್ಷ್ಮವ್ವನಿಗೆ ತೋರಿತು.

ಹೊರಡುವ ಮುಂಚೆ ಸೊಸೆ ಅವಳನ್ನು ಮಷೀನಿನ ಮುಂದೆ ಕೂರಿಸಿಕೊಂಡಳು. ಅದರಲ್ಲಿ ಕಂಪನಿಯವರು ಕೊಟ್ಟ ಅಭ್ಯಾಸದ ಪರೀಕ್ಷೆ ಇತ್ತು, ಎರಡು ತಾಸಿನದು, ಕ್ಯಾಮೆರಾ ಸಮೇತ. ಯಾವ ಗುಂಡಿ ಒತ್ತಿದರೆ ಶುರುವಾಗುತ್ತದೆ ಎಂದು ಮೂರು ಸಲ ತೋರಿಸಿ, ಅತ್ತೆಯಿಂದಲೂ ಒತ್ತಿಸಿದಳು.

"ಶನಿವಾರ ಹತ್ತಕ್ಕ ಚಾಲೂ ಮಾಡ್ರಿ. ಹನ್ನೆರಡರ ತನಕ ಬಂದ್ ಮಾಡಬ್ಯಾಡ್ರಿ. ನಿಂತರ ಎಷ್ಟಕ್ಕ ನಿಂತು ಅಂತ ನೆನಪ ಇಟ್ಟುಕೋರಿ. ಇಟ್ಟುಕೊಳ್ಳೋದೋ ಹೊಸಾದು ತಗೊಳ್ಳೋದೋ ಅಂತ ಗೊತ್ತಾಗಬೇಕಲ್ಲ."

ಇಟ್ಟುಕೊಳ್ಳುವುದು ಯಾರು, ಎಲ್ಲಿ ಎಂದು ಅವಳು ಹೇಳಲಿಲ್ಲ. ಗುರುಪಾದ ಆಗಲೇ ಮೆಟ್ಟಿಲಿಳಿದು ರಿಕ್ಷಾ ನಿಲ್ಲಿಸಿದ್ದ.

ಶನಿವಾರ ಲಕ್ಷ್ಮವ್ವ ಕ್ಯಾಂಟೀನಿಗೆ ಹೋಗಲಿಲ್ಲ. ಹತ್ತಕ್ಕೆ ಸರಿಯಾಗಿ ಗುಂಡಿ ಒತ್ತಿದಳು. ಪರದೆಯ ಮೇಲೆ ಇಂಗ್ಲಿಷಿನ ಸಾಲುಗಳು, ಮೂಲೆಯಲ್ಲಿ ಓಡುವ ಗಡಿಯಾರ, ಅದರ ಕೆಳಗಿನ ಚೌಕದಲ್ಲಿ ಒಬ್ಬ ಮುದುಕಿ. ತನ್ನದೇ ಮುಖವೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ನೀರು ಕುಡಿಯಲು ಎದ್ದಾಗ ಮಷೀನು ಬೀಪ್ ಎಂದಿತು. ಪರದೆಯ ಮೇಲೆ ಕೆಂಪು ಅಕ್ಷರ ಬಂದವು. ಓದಲು ಬರದಿದ್ದರೂ ಬೈಗುಳವೆಂದು ತಿಳಿಯಿತು. ಓಡಿ ಬಂದು ಕೂತಳು, ಕೆಂಪು ಹೋಯಿತು. ಮುಖ ಕಾಣದಿದ್ದರೆ ಅದು ಬಿಡುವುದಿಲ್ಲ. ಇದೇ ಹೊತ್ತಿನಲ್ಲಿ ಧಾರವಾಡದಲ್ಲಿ ಸೊಸೆಯೂ ಹೀಗೆಯೇ ಕದಲದೆ ಕೂತಿರಬೇಕು ಎಂದುಕೊಂಡಳು. ಅವಳ ಮುಂದೆ ಇರುವುದು ಹೊಸದು, ನಿಲ್ಲದ್ದು.

ಹತ್ತೂಮುಕ್ಕಾಲು ದಾಟಿತು. ಅರ್ಧ ತಾಸಿನ ಮಷೀನು ಇನ್ನೂ ನಡೆಯುತ್ತಿತ್ತು. ಪಕ್ಕದ ಖೋಲಿಯ ದಾನವ್ವ ಬಾಗಿಲಲ್ಲಿ ನಿಂತು, ಟ್ಯಾಂಕರು ಬಂದಿದೆ, ಕೊಡ ತಗೊಂಡು ಬಾ ಎಂದು ಕರೆದಳು.

"ಏಳಾಕ ಬರಂಗಿಲ್ಲ" ಎಂದಳು ಲಕ್ಷ್ಮವ್ವ ಪರದೆಯಿಂದ ಮುಖ ತಿರುಗಿಸದೆ. "ಪರೀಕ್ಷಾ ನಡದೈತಿ."

"ಯಾರದು? ನಿಂದ?"

"ನಂದ."

"ಪಾಸಾದ್ರ ನಮ್ಮನ್ನ ಮರೀಬ್ಯಾಡ ಮತ್ತ" ಎಂದು ದಾನವ್ವ ಅವಳ ಎರಡು ಕೊಡವನ್ನೂ ತಾನೇ ಎತ್ತಿಕೊಂಡು ಹೋದಳು.

ಹನ್ನೊಂದೂವರೆಯ ಸುಮಾರಿಗೆ ಫ್ಯಾನಿನ ಸದ್ದು ಬದಲಾಯಿತು. ಮೊದಲು ಸಣ್ಣಗೆ, ಬಳಿಕ ಜೋರಾಗಿ. ಲಕ್ಷ್ಮವ್ವ ಅಂಗೈ ಒಡ್ಡಿದಳು. ಪಕ್ಕದ ಸಂದಿನಿಂದ ಬರುವ ಗಾಳಿ ಬೆಚ್ಚಗಿತ್ತು. ಈಗ ನಿಲ್ಲುತ್ತದೆ ಎಂದುಕೊಂಡಳು. ನಿಲ್ಲಲಿ ಎಂದೂ ಒಂದು ಮನಸ್ಸು ಅಂದಿತು. ನಿಂತರೆ ತಾನು ಆಡಿದ ಮಾತು ಸಾರ್ಥಕ. ನಿಲ್ಲದಿದ್ದರೆ ಸುಮ್ಮನಿದ್ದು ಹೂಂ ಅನ್ನಬಹುದಾಗಿತ್ತು, ಸೊಸೆ ಈಗ ಇದೇ ನೆಲದ ಮೇಲೆ ಕೂತು ಬರೆಯುತ್ತಿದ್ದಳು, ತಾನು ಹೊರಗೆ ಗ್ಯಾಲರಿಯಲ್ಲಿ ಮಕ್ಕಳನ್ನು ಗದ್ದಲ ಮಾಡಬೇಡಿರೆಂದು ಗದರುತ್ತ ನಿಂತಿರುತ್ತಿದ್ದಳು. ಬೆವರು ಕಣ್ಣಿಗೆ ಇಳಿಯಿತು. ಒರೆಸಲು ಸೆರಗು ಎತ್ತಿದರೆ ಮುಖ ಮುಚ್ಚಿ ಅದು ಮತ್ತೆ ಬೈದೀತೆಂದು ಹಾಗೆಯೇ ಬಿಟ್ಟಳು.

ಹತ್ತು ನಿಮಿಷಕ್ಕೆ ಸದ್ದು ಇಳಿಯಿತು. ಗಡಿಯಾರ ಓಡುತ್ತಲೇ ಇತ್ತು. ಹನ್ನೆರಡಕ್ಕೆ ಸಾಲುಗಳೆಲ್ಲ ಮಾಯವಾಗಿ, ಮುದುಕಿಯ ಮುಖವೂ ಮಾಯವಾಗಿ, ದೊಡ್ಡ ಅಕ್ಷರದಲ್ಲಿ ಏನೋ ಬಂತು. ಮಷೀನು ನಿಂತಿರಲಿಲ್ಲ.

ಅವಳಿಗೆ ಸಂತೋಷವಾಗಲಿಲ್ಲ. ಫೋನು ಬರುವವರೆಗೂ ಅಲ್ಲೇ ಕೂತಿದ್ದಳು.

ಅನುರಾಧಾ ಹನ್ನೆರಡೂವರೆಗೆ ಮಾಡಿದಳು. ಪರೀಕ್ಷೆ ಆಯಿತೆಂದಳು, ಸುಮಾರಾಗಿ ಬರೆದಿದ್ದೇನೆ, ಕೊನೆಯ ಏಳೆಂಟು ಪ್ರಶ್ನೆ ಬಿಟ್ಟೆ ಎಂದಳು. ಹಿಂದೆ ಗುರುಪಾದ ಯಾರಿಗೋ ಊಟಕ್ಕೆ ಎಲೆ ಹಾಕಲು ಹೇಳುತ್ತಿದ್ದುದು ಕೇಳುತ್ತಿತ್ತು.

"ನಿಂತಿತೇನ್ರಿ?"

"ಇಲ್ಲವ್ವಾ. ನಿಲ್ಲಲಿಲ್ಲ. ಎರಡೂ ತಾಸು ನಡೀತು." ಲಕ್ಷ್ಮವ್ವ ಸೇರಿಸಿದಳು: "ಇಲ್ಲೇ ಬರೆದಿದ್ರೂ ಆಗತಿತ್ತು."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಸೊಸೆಯ ಮೌನ ಲಕ್ಷ್ಮವ್ವನಿಗೆ ಹೊಸದಲ್ಲ. ಆದರೆ ಫೋನಿನಲ್ಲಿ ಅದು ಎಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ.

"ಅಲ್ಲಿ ಕುಂತು ಬರೆದಿದ್ರ, ನಿಲ್ತದೇನೋ ಅಂತ ನೋಡಿಕೋತ ಬರೀಬೇಕಾಗತಿತ್ತು" ಎಂದಳು ಅನುರಾಧಾ ಕೊನೆಗೆ. "ನೀವು ಹೇಳಿದ್ದು ಚಲೋ ಆತು. ನಾಳೆ ರಾತ್ರಿ ಬಸ್ಸಿಗೆ ಹತ್ತತೀನ್ರಿ. ಸೋಮವಾರ ಮುಂಜಾನೆ ಬರ್ತೀನಿ."

"ನಿಮ್ಮಣ್ಣ ಟಿಕೀಟ ತಗಸ್ಯಾನ?"

"ಅಣ್ಣ ಅಲ್ಲ. ನಾನ ತಗಸೀನಿ, ನಿನ್ನೇನ. ಅಣ್ಣಗ ಈಗ ಹೇಳಬೇಕು."

ಲಕ್ಷ್ಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದನ್ನ ಬಂದ್ ಮಾಡ್ರಿ ಈಗ" ಎಂದಳು ಸೊಸೆ. "ಮುಚ್ಚಿ ಬಿಡಬ್ಯಾಡ್ರಿ, ಸರಿಯಾಗಿ ಬಂದ್ ಮಾಡ್ರಿ. ಕೆಳಗ ಎಡಕ್ಕ ನೋಡ್ರಿ, ನಾಕು ಚೌಕದ ಗುರುತು ಐತಿ. ಅದನ್ನ ಒತ್ರಿ."

ಲಕ್ಷ್ಮವ್ವ ಫೋನನ್ನು ಭುಜಕ್ಕೆ ಒತ್ತಿ ಹಿಡಿದು ನಾಲ್ಕು ಚೌಕ ಹುಡುಕಿದಳು. ರೂಢಿಯಿಲ್ಲದ ಬೆರಳಿಗೆ ಬಾಣದ ಗುರುತು ಅತ್ತಿತ್ತ ಓಡಿತು. ಆ ಕಡೆ ಗುರುಪಾದ ತಂಗಿಯನ್ನು ಊಟಕ್ಕೆ ಕರೆದ. ಬಂದೆ, ಒಂದು ನಿಮಿಷ ಎಂದು ಅನುರಾಧಾ ಹೇಳಿದ್ದು ಕೇಳಿಸಿತು.

"ಸಾವಕಾಶ ಮಾಡ್ರಿ" ಎಂದಳು ಫೋನಿಗೆ. "ನಾ ಇದೀನಿ."